‘ಸ್ವಲ್ಪ ಮಾತಾಡಬೇಕಿತ್ತು’ ಅಂದರೆ ಎದೆ ಧಸಕ್ ಅನ್ನುವುದೇಕೆ?

ಸಂಜೆ ಕೆಲಸ ಮುಗಿಸಿ ಏಳುವ ಹೊತ್ತು. ಮ್ಯಾನೇಜರ್ ಕಡೆಯಿಂದ ಒಂದು ಮೆಸೇಜ್ ಬರುತ್ತದೆ: ‘ನಾಳೆ ಬೆಳಿಗ್ಗೆ ಸ್ವಲ್ಪ ಮಾತಾಡಬೇಕಿತ್ತು.’ ಅಷ್ಟೇ. ಯಾವ ವಿಷಯ ಅಂತ ಇಲ್ಲ. ಅದನ್ನು ಓದಿದ ಒಬ್ಬರು ‘ಸರಿ’ ಅಂತ ಉತ್ತರಿಸಿ, ಮನೆಗೆ ಹೋಗಿ ಹಾಯಾಗಿ ಮಲಗುತ್ತಾರೆ. ಇನ್ನೊಬ್ಬರು ರಾತ್ರಿಯೆಲ್ಲ ಹೊರಳಾಡುತ್ತಾರೆ. ಕಳೆದ ವಾರದ ರಿಪೋರ್ಟ್‌ನಲ್ಲಿ ತಪ್ಪಿತ್ತಾ? ಮೀಟಿಂಗ್‌ನಲ್ಲಿ ಬಾಯಿ ಬಿಟ್ಟಿದ್ದು ಜಾಸ್ತಿ ಆಯಿತಾ? ಕೆಲಸದಿಂದ ತೆಗೆಯುತ್ತಾರಾ?

ಇಬ್ಬರ ಸ್ವಭಾವ ಬೇರೆ ಇರಬಹುದು, ಒಪ್ಪೋಣ. ಆದರೆ ಒಂದೇ ಆಫೀಸಿನ ಹತ್ತು ಜನರಲ್ಲಿ ಎಂಟು ಜನ ಹೀಗೆ ಹೊರಳಾಡಿದರೆ ಅದು ಸ್ವಭಾವದ ಮಾತಲ್ಲ. ಗೊತ್ತಿಲ್ಲದ ವಿಷಯ ಎದುರಾದಾಗ ಖಾಲಿ ಜಾಗವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ನಂಬಿಕೆ ಇದ್ದರೆ ಹಗ್ಗ ಹಗ್ಗವಾಗಿಯೇ ಕಾಣುತ್ತದೆ, ಇಲ್ಲದಿದ್ದರೆ ಹಾವಾಗಿ ಕಾಣುತ್ತದೆ. ಹಾಗೆ ಹಾವು ಕಂಡವರನ್ನು ಬೈದು ಪ್ರಯೋಜನ ಇಲ್ಲ. ಹಿಂದೆ ಯಾವಾಗಲೋ ಅಲ್ಲಿ ನಿಜವಾಗಿಯೂ ಹಾವು ಇದ್ದಿರುತ್ತದೆ.

ಉದ್ಯೋಗಿ ಮತ್ತು ಕಂಪನಿ ನಡುವೆ ನಂಬಿಕೆ ಬೆಳೆಸುವುದು ಹೇಗೆ ಅಂತ ಕೇಳಿದರೆ ಸಾಮಾನ್ಯವಾಗಿ ಒಂದೇ ಥರದ ಉತ್ತರ ಸಿಗುತ್ತದೆ. ಮನಸ್ಸು ಬಿಚ್ಚಿ ಮಾತಾಡಿ, ಬೆನ್ನು ತಟ್ಟಿ, ಟೀಮ್ ಔಟಿಂಗ್ ಮಾಡಿ, ಬಾಗಿಲು ತೆರೆದಿಡಿ. ಇದರಲ್ಲಿ ತಪ್ಪೇನಿಲ್ಲ. ಆದರೆ ಇವುಗಳಲ್ಲಿ ಯಾವುದೂ ಕಂಪನಿಗೆ ನೋವಾಗುವಂಥದ್ದಲ್ಲ. ನನ್ನ ಅನುಮಾನ ಇರುವುದು ಅಲ್ಲೇ. ಯಾರ ಕೈಯಲ್ಲಿ ಬಲ ಜಾಸ್ತಿ ಇದೆಯೋ ಅವರು ಮೊದಲು ಏನನ್ನಾದರೂ ಬಿಟ್ಟುಕೊಡಬೇಕು. ಅದು ದುಡ್ಡು ಇರಬಹುದು, ಅಧಿಕಾರ ಇರಬಹುದು, ಗುಟ್ಟು ಇರಬಹುದು. ಹಾಗೆ ಬಿಟ್ಟುಕೊಟ್ಟದ್ದು ಕಣ್ಣಿಗೆ ಕಂಡಾಗಷ್ಟೇ ಇನ್ನೊಬ್ಬರ ಮನಸ್ಸು ಸಡಿಲವಾಗುತ್ತದೆ.

ಯಾಕೆ ಕಂಪನಿಯೇ ಮೊದಲು? ಲೆಕ್ಕ ಸರಳ. ಕಂಪನಿಗೆ ನೂರಾರು ಉದ್ಯೋಗಿಗಳಿರುತ್ತಾರೆ. ಉದ್ಯೋಗಿಗೆ ಇರುವುದು ಒಂದೇ ಕೆಲಸ. ನಂಬಿ ಮೋಸ ಹೋದರೆ ಕಂಪನಿಗೆ ಒಂದು ಸ್ವಲ್ಪ ನಷ್ಟ. ಉದ್ಯೋಗಿಗೆ ಆ ತಿಂಗಳ ಬಾಡಿಗೆ, ಸಾಲದ ಕಂತು, ಮಕ್ಕಳ ಫೀಸು ಎಲ್ಲವೂ ಅಲುಗಾಡುತ್ತದೆ. ಕಳೆದುಕೊಳ್ಳಲು ಕಡಿಮೆ ಇರುವವರು ಮೊದಲ ಹೆಜ್ಜೆ ಇಡಬೇಕು ಅನ್ನುವುದು ನ್ಯಾಯ ಅಷ್ಟೇ ಅಲ್ಲ, ಬೇರೆ ದಾರಿಯೂ ಇಲ್ಲ.

ಮೌಸ್ ಅಲುಗಾಡಿಸುವ ಯಂತ್ರ

ಈಗಿನ ಪರಿಸ್ಥಿತಿ ನೋಡಿ. ಕೋವಿಡ್ ನಂತರ ಮನೆಯಿಂದ ಕೆಲಸ ಮಾಡುವುದು ಮಾಮೂಲಾಯಿತು. ಮೈಕ್ರೋಸಾಫ್ಟ್ 2022ರಲ್ಲಿ 11 ದೇಶಗಳ 20,000 ಜನರನ್ನು ಕೇಳಿ ನೋಡಿತು. ಉದ್ಯೋಗಿಗಳಲ್ಲಿ ಶೇ. 87 ಜನ ‘ನಾವು ಚೆನ್ನಾಗಿ ಕೆಲಸ ಮಾಡುತ್ತಿದ್ದೇವೆ’ ಅಂದರು. ಮೇಲಿನವರಲ್ಲಿ ತಮ್ಮ ಟೀಮ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಪೂರ್ತಿ ಭರವಸೆ ಇದ್ದದ್ದು ಶೇ. 12 ಜನರಿಗೆ ಮಾತ್ರ. ಉದ್ಯೋಗಿಗಳು ತಮ್ಮ ಬಗ್ಗೆ ಸ್ವಲ್ಪ ಉಬ್ಬಿಸಿ ಹೇಳಿರಬಹುದು. ಯಾರು ತಾನೇ ‘ನಾನು ಸೋಮಾರಿ’ ಅಂತ ಬರೆದುಕೊಡುತ್ತಾರೆ? ಆದರೂ 87ಕ್ಕೂ 12ಕ್ಕೂ ಇರುವ ಅಂತರವನ್ನು ಉಬ್ಬಿಸಿದ್ದು ಅಂತ ತಳ್ಳಿಹಾಕಲು ಆಗುವುದಿಲ್ಲ.

ಈ ಅಂತರವನ್ನು ತುಂಬಲು ಕಂಪನಿಗಳು ಹಿಡಿದ ಸುಲಭದ ದಾರಿ ಕಣ್ಗಾವಲು. ಕೀಬೋರ್ಡ್ ಎಷ್ಟು ಸಲ ಒತ್ತಿದರು, ಮೌಸ್ ಎಷ್ಟು ಹೊತ್ತು ಅಲುಗಾಡಿತು, ಪರದೆಯ ಮೇಲೆ ಏನಿತ್ತು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಬಂತು. ಅದರ ಹಿಂದೆಯೇ, ತಾನೇ ತಾನಾಗಿ ಮೌಸ್ ಅಲುಗಾಡಿಸುವ ಪುಟ್ಟ ಯಂತ್ರಗಳೂ ಮಾರಾಟಕ್ಕೆ ಬಂದವು. 2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಹತ್ತಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆಯಿತು. ಕೀಬೋರ್ಡ್ ಕೆಲಸ ನಡೆಯುತ್ತಿದೆ ಎಂದು ಸುಳ್ಳೇ ತೋರಿಸಿದರು ಅನ್ನುವುದು ಕಾರಣ. ಆ ಜನ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಕೆಲಸವನ್ನು ಮೌಸ್‌ನ ಅಲುಗಾಟದಲ್ಲಿ ಅಳೆಯಲು ಹೊರಟರೆ, ಸಿಗುವುದು ಅಲುಗಾಟವೇ.

ಆರ್ಮಿನ್ ಫಾಲ್ಕ್ ಮತ್ತು ಮೈಕೆಲ್ ಕೋಸ್‌ಫೆಲ್ಡ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಇಬ್ಬಿಬ್ಬರ ಜೋಡಿ. ಒಬ್ಬರು ಕೆಲಸಗಾರ, ಇನ್ನೊಬ್ಬರು ಯಜಮಾನ ಅಂತ ಇಟ್ಟುಕೊಳ್ಳಿ. ಕೆಲಸಗಾರನ ಕೈಯಲ್ಲಿ ಒಂದಿಷ್ಟು ಪಾಯಿಂಟ್ ಇರುತ್ತವೆ. ಅದರಲ್ಲಿ ಎಷ್ಟನ್ನು ಯಜಮಾನನಿಗೆ ಕೊಡಬೇಕು ಅನ್ನುವುದು ಅವನ ಇಷ್ಟ. ಯಜಮಾನ ಬೇಕಿದ್ದರೆ ಮೊದಲೇ ‘ಕನಿಷ್ಠ ಇಷ್ಟು ಕೊಡಲೇಬೇಕು’ ಅಂತ ಗೆರೆ ಎಳೆಯಬಹುದು, ಬೇಡವಾದರೆ ಸುಮ್ನೆ ನಂಬಬಹುದು. ಗೆರೆ ಎಳೆದಾಗ ಹೆಚ್ಚಿನ ಕೆಲಸಗಾರರು, ಸುಮ್ನೆ ನಂಬಿದಾಗ ಕೊಡುವುದಕ್ಕಿಂತ ಕಡಿಮೆ ಕೊಟ್ಟರು. ‘ನನ್ನನ್ನು ನಂಬಲಿಲ್ಲ ಅಲ್ವಾ, ಹಾಗಾದರೆ ತಗೋ, ನೀನು ಕೇಳಿದಷ್ಟೇ’ ಅನ್ನುವ ಧೋರಣೆ. ಕಾವಲು ಹಾಕಿದ್ದೇ ಕಳ್ಳತನಕ್ಕೆ ಸಲುಗೆ ಕೊಟ್ಟಂತಾಯಿತು.

ಹಾಗಂತ ಅಳತೆಯೇ ಬೇಡವೇ? ಬೇಕು. ಅಳತೆಯನ್ನು ಮುಚ್ಚಿಟ್ಟು ಮಾಡುವುದು ಒಂದು, ಇಬ್ಬರೂ ಒಟ್ಟಿಗೆ ಕುಳಿತು ಮಾಡುವುದು ಇನ್ನೊಂದು. ಟ್ರಿಪ್ ಡಾಟ್ ಕಾಮ್ ಎಂಬ ಚೀನಾದ ಪ್ರವಾಸ ಕಂಪನಿ ಎರಡನೆಯದನ್ನು ಮಾಡಿತು. ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡಿದರೆ ಏನಾಗುತ್ತದೆ ಎಂದು 1,612 ಉದ್ಯೋಗಿಗಳ ಮೇಲೆ ಆರು ತಿಂಗಳು ಪರೀಕ್ಷಿಸಿ ನೋಡಿತು. ಸ್ಟ್ಯಾನ್‌ಫೋರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು 2024ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಕೆಲಸ ಬಿಡುವವರ ಸಂಖ್ಯೆ ಮೂರನೇ ಒಂದು ಭಾಗದಷ್ಟು ಇಳಿಯಿತು. ಅಪ್ರೈಸಲ್‌ನಲ್ಲಾಗಲಿ, ಬಡ್ತಿಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಕುತೂಹಲ ಅನ್ನಿಸಿದ್ದು ಬೇರೆಯದೇ. ಪ್ರಯೋಗಕ್ಕೆ ಮೊದಲು ಮ್ಯಾನೇಜರ್‌ಗಳು, ಸರಾಸರಿಯಲ್ಲಿ, ಕೆಲಸ ಶೇ. 2.6ರಷ್ಟು ಕುಸಿಯಬಹುದು ಅಂದುಕೊಂಡಿದ್ದರು. ಮುಗಿದ ಮೇಲೆ ಅದೇ ಮ್ಯಾನೇಜರ್‌ಗಳು ಶೇ. 1ರಷ್ಟು ಏರಿದೆ ಅನ್ನತೊಡಗಿದರು. ಭಾಷಣ ಕೇಳಿ ಅವರ ಮನಸ್ಸು ಬದಲಾಗಲಿಲ್ಲ. ಒಂದು ಸಲ ಬಿಟ್ಟುಕೊಟ್ಟು ನೋಡಿದರು, ಏನೂ ಮುಳುಗಲಿಲ್ಲ, ನಂಬಿಕೆ ಬಂತು.

ಜಾಸ್ತಿ ದುಡಿದರೆ ರೇಟು ಇಳಿಯುತ್ತದೆ

ಈ ಜಗಳ ಹೊಸದೇನಲ್ಲ. ನೂರು ವರ್ಷಕ್ಕೂ ಹಿಂದೆ ಕಾರ್ಖಾನೆಗಳಲ್ಲಿ ಪೀಸ್‌ ರೇಟ್ ಇತ್ತು. ಎಷ್ಟು ತುಂಡು ಮಾಡಿದರೆ ಅಷ್ಟು ಕೂಲಿ. ಜಾಸ್ತಿ ಮಾಡಿದರೆ ಜಾಸ್ತಿ ಸಿಗಬೇಕು, ಅಲ್ವಾ? ಆದರೆ ಕೆಲಸಗಾರರು ಚುರುಕಾಗಿ ಜಾಸ್ತಿ ಮಾಡಿದ ಕೂಡಲೇ ಯಜಮಾನರು ‘ಓಹೋ, ಇದು ಅಷ್ಟು ಸುಲಭದ ಕೆಲಸವಾ?’ ಅಂತ ಒಂದು ತುಂಡಿನ ರೇಟನ್ನೇ ಇಳಿಸುತ್ತಿದ್ದರು. ಒಂದೆರಡು ಸಲ ಹೀಗಾದ ಮೇಲೆ ಕೆಲಸಗಾರರು ಜಾಣರಾದರು. ಬೇಕೆಂದೇ ನಿಧಾನ ಮಾಡತೊಡಗಿದರು. ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್ ಇದನ್ನು ಕಣ್ಣಾರೆ ಕಂಡವರು. ಅವರು ಹುಡುಕಿದ ಮದ್ದು ಸ್ಟಾಪ್‌ವಾಚ್. ಒಂದೊಂದು ಚಲನೆಗೂ ಎಷ್ಟು ಸೆಕೆಂಡ್ ಅಂತ ಅಳೆಯುವುದು. 1911ರಲ್ಲಿ ಅಮೆರಿಕ ಸರ್ಕಾರದ ವಾಟರ್‌ಟೌನ್ ಶಸ್ತ್ರಾಗಾರಕ್ಕೆ ಸ್ಟಾಪ್‌ವಾಚ್ ಬಂದಾಗ ಎರಕದ ಕೆಲಸಗಾರರು ಕೆಲಸ ಬಿಟ್ಟು ಹೊರನಡೆದರು. ಸಂಸತ್ತಿನಲ್ಲಿ ವಿಚಾರಣೆ ನಡೆಯಿತು. ಕೊನೆಗೆ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಸ್ಟಾಪ್‌ವಾಚ್ ಬಳಸುವುದನ್ನೇ ನಿಷೇಧಿಸಲಾಯಿತು.

ಇಪ್ಪತ್ತು ವರ್ಷ ಕಳೆದ ಮೇಲೂ ಕಥೆ ಅದೇ. ಶಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1931–32ರಲ್ಲಿ 14 ಕೆಲಸಗಾರರ ಒಂದು ಗುಂಪನ್ನು ಸಂಶೋಧಕರು ತಿಂಗಳುಗಟ್ಟಲೆ ಗಮನಿಸಿದರು. ದಿನಕ್ಕೆ ಇಷ್ಟೇ ಮಾಡಬೇಕು ಅಂತ ಗುಂಪು ತಾನೇ ಒಂದು ಲೆಕ್ಕ ಇಟ್ಟುಕೊಂಡಿತ್ತು. ಯಾರಾದರೂ ಅದನ್ನು ಮೀರಿ ದುಡಿದರೆ ಪಕ್ಕದವರು ತೋಳಿಗೆ ಒಂದು ಗುದ್ದು ಕೊಡುತ್ತಿದ್ದರು! ಜಾಸ್ತಿ ಮಾಡಿದರೆ ರೇಟು ಇಳಿಸುತ್ತಾರೆ, ಇಲ್ಲವೇ ಕೆಲವರನ್ನು ಮನೆಗೆ ಕಳಿಸುತ್ತಾರೆ ಎಂಬ ಭಯ.

ಇವತ್ತಿನ ಆಫೀಸಿನಲ್ಲಿ ಗುದ್ದು ಇಲ್ಲ, ನಿಜ. ಆದರೆ ಈ ವರ್ಷ ಟಾರ್ಗೆಟ್ ಮುಟ್ಟಿದವರಿಗೆ ಮುಂದಿನ ವರ್ಷ ಇನ್ನೂ ದೊಡ್ಡ ಟಾರ್ಗೆಟ್, ಮುಟ್ಟದವರಿಗೆ ಹಳೆಯದೇ ಅನ್ನುವುದು ಎಷ್ಟು ಕಡೆ ಇಲ್ಲ? ಬೇಗ ಕೆಲಸ ಮುಗಿಸಿದವರಿಗೆ ಸಿಗುವ ಬಹುಮಾನ ಇನ್ನೊಬ್ಬರ ಬಾಕಿ ಕೆಲಸ. ಇದನ್ನು ನೋಡಿದ ಹೊಸಬರು ಆರು ತಿಂಗಳಲ್ಲಿ ಪಾಠ ಕಲಿಯುತ್ತಾರೆ. ಮಂಗಳವಾರ ಮುಗಿದದ್ದನ್ನು ಶುಕ್ರವಾರ ಕಳಿಸುತ್ತಾರೆ.

ಈ ಗಂಟನ್ನು ಬಿಡಿಸಿದವರಲ್ಲಿ ಲಿಂಕನ್ ಎಲೆಕ್ಟ್ರಿಕ್ ಹೆಸರು ಹೇಳಲೇಬೇಕು. ವೆಲ್ಡಿಂಗ್ ಸಾಮಾನು ಮಾಡುವ ಅಮೆರಿಕದ ಹಳೆಯ ಕಂಪನಿ. ಅಲ್ಲೂ ಪೀಸ್‌ ರೇಟೇ. ಆದರೆ ಕೆಲಸದ ವಿಧಾನ ಬದಲಾಗದ ಹೊರತು, ಯಾರೋ ಜಾಸ್ತಿ ಸಂಪಾದಿಸಿದರು ಅನ್ನುವ ಕಾರಣಕ್ಕೆ ರೇಟು ಇಳಿಸುವುದಿಲ್ಲ ಎಂದು ಮಾತು ಕೊಟ್ಟಿತು. 1958ರಿಂದ, ಕೆಲವು ವರ್ಷ ಕೆಲಸ ಮಾಡಿದವರಿಗೆ ಕೆಲಸದ ಖಾತರಿಯನ್ನೂ ಕೊಟ್ಟಿತು. ಅದೇನು ಮೆತ್ತನೆಯ ಜಾಗ ಅಂತ ತಿಳಿಯಬೇಡಿ. ಹುಷಾರಿಲ್ಲದ ದಿನಕ್ಕೆ ಸಂಬಳ ಇಲ್ಲ, ಬೋನಸ್ ನಿಮ್ಮ ಕೆಲಸದ ಅಂಕದ ಮೇಲೆ. ಕಟ್ಟುನಿಟ್ಟಾದ ಜಾಗದಲ್ಲೂ ನಂಬಿಕೆ ಇರಬಹುದು. ನಿಯಮ ಇವತ್ತಿದ್ದಂತೆ ನಾಳೆಯೂ ಇರುತ್ತದೆ ಅಂತ ಗೊತ್ತಿದ್ದರೆ ಸಾಕು.

1992ರಲ್ಲಿ ಅದಕ್ಕೆ ನಿಜವಾದ ಪರೀಕ್ಷೆ ಎದುರಾಯಿತು. ಹೊರದೇಶಗಳಲ್ಲಿ ಆತುರವಾಗಿ ಕಾರ್ಖಾನೆ ಕೊಂಡು ಕಂಪನಿ ಕೈಸುಟ್ಟುಕೊಂಡಿತ್ತು. ನಷ್ಟಕ್ಕೆ ಇಳಿಯಿತು. ಅಮೆರಿಕದ ಕೆಲಸಗಾರರು ಮಾತ್ರ ತಮ್ಮ ಪಾಲಿನದನ್ನು ಸರಿಯಾಗಿ ಮಾಡಿದ್ದರು. ಅವರಿಗೆ ವರ್ಷದ ಬೋನಸ್ ಕೊಡಬೇಕಾ? ಕಂಪನಿ ಸಾಲ ಮಾಡಿ ಬೋನಸ್ ಕೊಟ್ಟಿತು. ಆಗಿನ ಮುಖ್ಯಸ್ಥ ಡೊನಾಲ್ಡ್ ಹೇಸ್ಟಿಂಗ್ಸ್, ತಪ್ಪು ನಿಮ್ಮದಲ್ಲ, ಮೇಲಿನವರದ್ದು ಎಂದು ಕೆಲಸಗಾರರ ಎದುರೇ ಒಪ್ಪಿಕೊಂಡು, ನಷ್ಟದ ಲೆಕ್ಕ ಬಿಡಿಸಿಟ್ಟು, ಉತ್ಪಾದನೆ ಹೆಚ್ಚಿಸಲು ಸಹಾಯ ಕೇಳಿದರು. ಮರುವರ್ಷ 450 ಜನ ತಮ್ಮ 614 ವಾರಗಳ ರಜೆಯನ್ನು ಬಿಟ್ಟುಕೊಟ್ಟು ದುಡಿದರು. ಇದನ್ನು ಯಾವ ಎಚ್‌ಆರ್ ಪೋಸ್ಟರ್ ಕೂಡ ಮಾಡಿಸಲಾರದು. ಹಿಂದಿನ ಮೂವತ್ತು ನಲವತ್ತು ವರ್ಷ ಮಾತು ಉಳಿಸಿಕೊಂಡಿದ್ದಕ್ಕೆ, ಸಾಲ ಮಾಡಿಯಾದರೂ ಉಳಿಸಿಕೊಂಡಿದ್ದಕ್ಕೆ ಸಿಕ್ಕ ಪ್ರತಿಫಲ ಅದು.

ಮೂರು ಪ್ರಶ್ನೆ

ನಾವು ಒಬ್ಬರನ್ನು ನಂಬುವಾಗ ಏನು ನೋಡುತ್ತೇವೆ? ರೋಜರ್ ಮೇಯರ್, ಜೇಮ್ಸ್ ಡೇವಿಸ್, ಡೇವಿಡ್ ಶೂರ್‌ಮನ್ ಎಂಬ ಮೂವರು ಸಂಶೋಧಕರು 1995ರಲ್ಲಿ ಇದಕ್ಕೆ ಕೊಟ್ಟ ಉತ್ತರವನ್ನು ಈಗಲೂ ಈ ವಿಷಯ ಓದುವವರೆಲ್ಲ ಬಳಸುತ್ತಾರೆ. ಆಡುಮಾತಿನಲ್ಲಿ ಹೇಳುವುದಾದರೆ ಮೂರು ಪ್ರಶ್ನೆ. ಇವರಿಗೆ ಕೆಲಸ ಬರುತ್ತದಾ? ಆಡಿದ್ದನ್ನು ಮಾಡುತ್ತಾರಾ? ನನ್ನ ಒಳಿತು ಇವರಿಗೆ ಸ್ವಲ್ಪವಾದರೂ ಬೇಕಾ? ಮೂರರಲ್ಲಿ ಒಂದು ಕೈಕೊಟ್ಟರೂ ನಂಬಿಕೆ ಕುಂಟುತ್ತದೆ. ಒಳ್ಳೆಯ ಮನಸ್ಸಿನ, ಆದರೆ ಕಂಪನಿ ನಡೆಸಲು ಬಾರದ ಯಜಮಾನರನ್ನು ಎಲ್ಲರೂ ಇಷ್ಟಪಡುತ್ತಾರೆ. ಸಂಬಳದ ದಿನ ಹತ್ತಿರ ಬಂದಾಗ ಮಾತ್ರ ಬೇರೆ ಕಡೆ ಅರ್ಜಿ ಹಾಕುತ್ತಾರೆ.

ಕಂಪನಿಗಳು ಜಾಸ್ತಿ ಎಡವುವುದು ಮೂರನೆಯದರಲ್ಲಿ. ಯಾಕೆಂದರೆ ಅದನ್ನು ಬಾಯಿಮಾತಿನಲ್ಲೇ ಮುಗಿಸಲು ನೋಡುತ್ತಾರೆ. ‘ನಾವೆಲ್ಲ ಒಂದೇ ಕುಟುಂಬ’ ಎಂಬ ಮಾತು ಕೇಳಿದಾಗೆಲ್ಲ ನನಗೆ ಮೂಗಿಗೆ ತುಪ್ಪ ಸವರಿದ ನೆನಪಾಗುತ್ತದೆ. ಮನೆಯಲ್ಲಿ ಯಾರೂ ಮಗನಿಗೆ ರೇಟಿಂಗ್ ಕಡಿಮೆ ಬಂತು ಅಂತ ನೋಟಿಸ್ ಕೊಡುವುದಿಲ್ಲ. ಕೆಲಸದ ಸಂಬಂಧ ಕುಟುಂಬ ಆಗಬೇಕಾಗಿಯೂ ಇಲ್ಲ. ಒಳ್ಳೆಯ ನೆರೆಹೊರೆಯಷ್ಟು ಆದರೆ ಸಾಕು. ಕುಟುಂಬ ಅಂತ ಕರೆದವರು ಲೇಆಫ್ ಮಾಡಿದಾಗ ನೋವು ದುಪ್ಪಟ್ಟು, ಏಕೆಂದರೆ ಆಗ ಕೆಲಸದ ಜೊತೆ ಮಾತೂ ಮುರಿದಿರುತ್ತದೆ.

ಡೆನಿಸ್ ರೂಸೋ ಎಂಬ ಸಂಶೋಧಕಿ 1989ರಿಂದ ಬರೆಯುತ್ತಾ ಬಂದಿರುವುದು ಇದರ ಬಗ್ಗೆಯೇ. ಆಫರ್ ಲೆಟರ್‌ನಲ್ಲಿ ಇರುವ ಕರಾರು ಒಂದು. ಅದರಾಚೆ ಉದ್ಯೋಗಿಯ ಮನಸ್ಸಿನಲ್ಲಿ ಇನ್ನೊಂದು ಕರಾರು ಬರೆಯುತ್ತಾ ಹೋಗುತ್ತದೆ. ‘ಈ ಪ್ರಾಜೆಕ್ಟ್ ಮುಗಿಸಿಕೊಡಿ, ಮುಂದೆ ನೋಡೋಣ’ ಅಂತ ಮ್ಯಾನೇಜರ್ ಹೇಳಿ ಮರೆತುಬಿಡುತ್ತಾರೆ. ಕೇಳಿಸಿಕೊಂಡವರು ಅದನ್ನು ಬಡ್ತಿ ಎಂದು ಬರೆದಿಟ್ಟುಕೊಂಡಿರುತ್ತಾರೆ. ಹೇಳಿದವರಿಗೆ ಮಾತು ಮುರಿದ ಅರಿವೇ ಇರುವುದಿಲ್ಲ. ಹಾಗಾಗಿ ‘ನೋಡೋಣ’ ಅನ್ನುವ ಪದವನ್ನು ಆಫೀಸುಗಳಲ್ಲಿ ಬಹಳ ಜೋಪಾನವಾಗಿ ಬಳಸಬೇಕು ಅನ್ನುವುದು ನನ್ನ ಅಭಿಪ್ರಾಯ.

ಅರ್ಧ ನಂಬಿಕೆ ಹೇಗಿರುತ್ತದೆ ಅಂತ ನೋಡಬೇಕಿದ್ದರೆ ಹೆನ್ರಿ ಫೋರ್ಡ್ ಇದ್ದಾರೆ. 1913ರಲ್ಲಿ ಅವರ ಕಾರ್ಖಾನೆಯಲ್ಲಿ ಜನ ಬಂದು ಹೋಗುವ ಪ್ರಮಾಣ ವರ್ಷಕ್ಕೆ ಶೇ. 370. ಅಂದರೆ ನೂರು ಜಾಗ ತುಂಬಿಸಿಡಲು ವರ್ಷದಲ್ಲಿ 370 ಜನರನ್ನು ಹೊಸದಾಗಿ ತಗೋಬೇಕು. 1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು ಐದು ಡಾಲರಿಗೆ ಏರಿಸಿದರು, ಹೆಚ್ಚುಕಡಿಮೆ ಎರಡು ಪಟ್ಟು. ಕೆಲಸದ ಅವಧಿಯನ್ನೂ ಎಂಟು ಗಂಟೆಗೆ ಇಳಿಸಿದರು. ಜನ ಬಿಟ್ಟು ಹೋಗುವುದು ತುಂಬಾ ಕಡಿಮೆಯಾಯಿತು. ಆದರೆ ಪೂರ್ತಿ ಐದು ಡಾಲರ್ ಸಿಗಬೇಕಿದ್ದರೆ ಕಂಪನಿಯ ತನಿಖೆಗಾರರು ನಿಮ್ಮ ಮನೆಗೇ ಬರುತ್ತಿದ್ದರು. ಮನೆ ಚೊಕ್ಕಟವಾಗಿದೆಯಾ, ಕುಡಿಯುತ್ತೀರಾ, ಉಳಿತಾಯ ಮಾಡುತ್ತೀರಾ ಅಂತ ಕೇಳಿ ಬರೆದುಕೊಳ್ಳುತ್ತಿದ್ದರು. ಒಂದು ಕೈಯಲ್ಲಿ ದುಡ್ಡು, ಇನ್ನೊಂದು ಕೈಯಲ್ಲಿ ಅನುಮಾನ. ದುಡ್ಡು ಜನರನ್ನು ಹಿಡಿದಿಟ್ಟಿತು, ಅದು ನಿಜ. ಮನಸ್ಸು ಬಿಚ್ಚಿಸಿತಾ ಅನ್ನುವುದು ಬೇರೆ ಮಾತು.

ಹಗ್ಗ ಎಳೆದರೆ ಕಾರ್ಖಾನೆ ನಿಲ್ಲುತ್ತದೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಒಂದು ಕಾರು ಕಾರ್ಖಾನೆ ಇತ್ತು. ಕುಖ್ಯಾತಿಯ ಜಾಗ. ಯಾವುದೇ ದಿನ ನೂರರಲ್ಲಿ ಇಪ್ಪತ್ತು ಜನ ಗೈರು. ಕೆಲಸದ ಹೊತ್ತಿನಲ್ಲೇ ಕುಡಿತ, ದಿಢೀರ್ ಮುಷ್ಕರ, ರಾಶಿ ಬಿದ್ದ ದೂರುಗಳು. ಏನೇ ಆದರೂ ಲೈನ್ ನಿಲ್ಲಿಸಬಾರದು ಅನ್ನುವುದು ಅಲ್ಲಿನ ಕಾನೂನು. ಕಣ್ಣೆದುರೇ ತಪ್ಪು ಭಾಗ ಜೋಡಣೆಯಾಗಿ ಮುಂದೆ ಹೋಗುತ್ತಿದ್ದರೂ ಕೆಲಸಗಾರ ಸುಮ್ಮನಿರಬೇಕು. 1982ರಲ್ಲಿ ಕಾರ್ಖಾನೆ ಮುಚ್ಚಿತು.

1984ರಲ್ಲಿ ಅದೇ ಜಾಗದಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಸೇರಿ ನುಮ್ಮಿ ಎಂಬ ಹೆಸರಿನಲ್ಲಿ ಮತ್ತೆ ಬಾಗಿಲು ತೆರೆದವು. ನಡೆಸುವ ಹೊಣೆ ಟೊಯೋಟಾದ್ದು. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ. ಯೂನಿಯನ್ ಕೂಡ ಅದೇ. ನೂರಾರು ಜನರನ್ನು ತರಬೇತಿಗೆ ಜಪಾನಿಗೆ ಕಳಿಸಿದರು. ಬಂದ ಮೇಲೆ ಅವರ ತಲೆಯ ಮೇಲೆ ಒಂದು ಹಗ್ಗ ತೂಗುತ್ತಿತ್ತು. ತೊಂದರೆ ಕಂಡರೆ ಯಾರು ಬೇಕಾದರೂ ಎಳೆಯಬಹುದು. ಟೀಮ್ ಲೀಡರ್ ಓಡಿ ಬರುತ್ತಾರೆ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಲೈನ್ ನಿಂತ ಒಂದೊಂದು ನಿಮಿಷವೂ ಕಂಪನಿಗೆ ನಷ್ಟ ಅಂತ ಎಲ್ಲರಿಗೂ ಗೊತ್ತು. ಹಿಂದಿನ ಕಾರ್ಖಾನೆ ಯಾರನ್ನು ಕಳ್ಳರಂತೆ ಕಂಡಿತ್ತೋ ಅವರ ಕೈಗೇ ಈ ಹಗ್ಗ ಕೊಟ್ಟರು.

ಜೊತೆಗೆ ಸಣ್ಣಪುಟ್ಟ ಬದಲಾವಣೆಗಳು. ಮ್ಯಾನೇಜರ್‌ಗಳಿಗೆ ಬೇರೆ ಕ್ಯಾಂಟೀನ್ ಇಲ್ಲ, ಮೀಸಲು ಪಾರ್ಕಿಂಗ್ ಇಲ್ಲ. ಒಂದೆರಡು ವರ್ಷದಲ್ಲಿ ಗೈರುಹಾಜರಿ ಶೇ. 2–3ಕ್ಕೆ ಇಳಿಯಿತು. ಕಾರುಗಳ ಗುಣಮಟ್ಟ ಜಪಾನಿನ ಕಾರ್ಖಾನೆಗೆ ಸರಿಸಾಟಿ ಅನ್ನುವಷ್ಟಾಯಿತು. ಜನ ಅವರೇ. ಹಾಗಾದರೆ ‘ಈ ಜನವೇ ಸರಿ ಇಲ್ಲ’ ಅಂತ ಹಿಂದೆ ಹೇಳುತ್ತಿದ್ದರಲ್ಲ, ಅದಕ್ಕೇನು ಹೇಳೋಣ?

ಯೂನಿಯನ್ ಜೊತೆಗಿನ ಒಪ್ಪಂದದಲ್ಲಿ ಒಂದು ಸಾಲಿತ್ತು. ಕಷ್ಟ ಬಂದರೆ ಕೆಲಸಗಾರರನ್ನು ತೆಗೆಯುವ ಮೊದಲು ಮೇಲಧಿಕಾರಿಗಳ ಸಂಬಳ ಕಡಿಮೆ ಮಾಡುವಂಥ ಕ್ರಮ ಕೈಗೊಳ್ಳುತ್ತೇವೆ ಎಂದು. ಬರೆಯುವುದು ಸುಲಭ. 1988ರ ಹೊತ್ತಿಗೆ ಕಾರು ಮಾರಾಟ ಬಿದ್ದುಹೋಯಿತು. ಕಾರ್ಖಾನೆ ತನ್ನ ಸಾಮರ್ಥ್ಯಕ್ಕಿಂತ ತುಂಬಾ ಕೆಳಗೆ ನಡೆಯುತ್ತಿತ್ತು. ಬೇರೆ ಕಡೆ ಆಗಿದ್ದರೆ ಅರ್ಧ ಜನ ಮನೆಗೆ ಹೋಗಿರುತ್ತಿದ್ದರು. ಇಲ್ಲಿ ಒಬ್ಬರನ್ನೂ ತೆಗೆಯಲಿಲ್ಲ. ಕೆಲಸ ಇಲ್ಲದವರನ್ನು ತರಬೇತಿಗೆ ಕೂರಿಸಿದರು, ಕಾರ್ಖಾನೆಯ ಒಳಗಿನ ಸುಧಾರಣೆ ಕೆಲಸಕ್ಕೆ ಹಚ್ಚಿದರು. ಹಗ್ಗ ಕೊಟ್ಟಾಗ ಅನುಮಾನಿಸಿದವರು ಇರಬಹುದು. ಅವರೂ ಆಮೇಲೆ ಬಾಯಿ ಮುಚ್ಚಿರಬೇಕು.

ಕೆಟ್ಟ ಸುದ್ದಿ ಹೇಳುವ ರೀತಿ

ಎಲ್ಲ ಕಂಪನಿಗೂ ಇಷ್ಟು ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ, ಒಪ್ಪುತ್ತೇನೆ. ಸಂಬಳ ಕಡಿತ, ಲೇಆಫ್ ಮಾಡಲೇಬೇಕಾದ ದಿನ ಬರುತ್ತದೆ. ಆ ದಿನ ಏನು ಮಾಡಬೇಕು?

ಸಂಶೋಧಕ ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನೇರ ಉತ್ತರ. ಒಂದೇ ಕಂಪನಿಯ ಮೂರು ಕಾರ್ಖಾನೆಗಳು. ಆರ್ಡರ್ ಕೈತಪ್ಪಿದ್ದರಿಂದ ಎರಡರಲ್ಲಿ ಹತ್ತು ವಾರ ಶೇ. 15 ಸಂಬಳ ಕಡಿತ ಮಾಡಿದರು. ಒಂದು ಕಡೆ ಕಂಪನಿಯ ಮುಖ್ಯಸ್ಥರೇ ಬಂದು ಲೆಕ್ಕಪತ್ರ ತೋರಿಸಿ, ಬೇರೆ ದಾರಿ ಯಾಕಿಲ್ಲ ಅಂತ ವಿವರಿಸಿ, ಬೇಸರ ತೋಡಿಕೊಂಡು, ಎಲ್ಲ ಪ್ರಶ್ನೆಗೂ ಉತ್ತರಿಸಿದರು. ಇನ್ನೊಂದು ಕಡೆ ಹದಿನೈದು ನಿಮಿಷದಲ್ಲಿ ಮೀಟಿಂಗ್ ಮುಗಿಯಿತು. ವಿವರ ಇಲ್ಲ, ವಿಷಾದವೂ ಇಲ್ಲ. ಗ್ರೀನ್‌ಬರ್ಗ್ ಅಳೆದದ್ದು ಕಾರ್ಖಾನೆಯಿಂದ ಕಳವಾಗುವ ಸಾಮಾನನ್ನು. ಎರಡೂ ಕಡೆ ಕಳವು ಏರಿತು. ಆದರೆ ಹದಿನೈದು ನಿಮಿಷದ ಕಾರ್ಖಾನೆಯಲ್ಲಿ ಏರಿದ್ದು ತುಂಬಾ ಜಾಸ್ತಿ, ಕೆಲಸ ಬಿಟ್ಟವರೂ ಅಲ್ಲೇ ಜಾಸ್ತಿ. ಸಂಬಳ ಮೊದಲಿನಂತಾದಾಗ ಕಳವೂ ಇಳಿಯಿತು. ಕಡಿತ ಒಂದೇ, ದುಡ್ಡು ಒಂದೇ. ಬೇರೆ ಇದ್ದದ್ದು ಮರ್ಯಾದೆ.

ಬೆಟರ್ ಡಾಟ್ ಕಾಮ್ ಎಂಬ ಗೃಹಸಾಲದ ಕಂಪನಿಯ ಮುಖ್ಯಸ್ಥರು 2021ರ ಡಿಸೆಂಬರ್‌ನಲ್ಲಿ ಒಂದೇ ಜೂಮ್ ಕರೆಯಲ್ಲಿ ಸುಮಾರು 900 ಜನರನ್ನು ತೆಗೆದರು. ಕೆಲವೇ ನಿಮಿಷದ ಕರೆ. ಹೋದವರ ಸಿಟ್ಟು ಎಲ್ಲರಿಗೂ ಕಂಡಿತು. ಆದರೆ ಇಂಥ ಹೊತ್ತಿನಲ್ಲಿ ಗಮನಿಸಬೇಕಾದವರು ಉಳಿದವರು. ‘ನನ್ನ ಸರದಿ ಬಂದರೆ ನನಗೂ ಇಷ್ಟೇ ನಿಮಿಷ’ ಅಂತ ಅವರು ಆವತ್ತೇ ಲೆಕ್ಕ ಹಾಕಿರುತ್ತಾರೆ. ಮರುದಿನದಿಂದ ಅವರ ರೆಸ್ಯೂಮೆ ಹೊಸದಾಗುತ್ತದೆ.

ತಪ್ಪು ಒಪ್ಪಿಕೊಳ್ಳುವವರಿಗೆ ಏನಾಗುತ್ತದೆ ಅನ್ನುವುದನ್ನೂ ಇದೇ ಕಣ್ಣುಗಳು ನೋಡುತ್ತಿರುತ್ತವೆ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಲೆಕ್ಕ ನೋಡುತ್ತಿದ್ದರು. ಒಳ್ಳೆಯ ಟೀಮ್‌ಗಳಲ್ಲಿ ತಪ್ಪು ಕಡಿಮೆ ಇರಬೇಕಿತ್ತು, ಜಾಸ್ತಿ ಕಂಡಿತು. ಕೆದಕಿದಾಗ ತಿಳಿಯಿತು: ಅಲ್ಲಿ ಜನ ಹೆದರದೆ ತಪ್ಪನ್ನು ಹೇಳಿಕೊಳ್ಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು. ಹಾಗಾಗಿ ‘ನಮ್ಮಲ್ಲಿ ದೂರೇ ಬರುವುದಿಲ್ಲ’ ಅಂತ ಹೆಮ್ಮೆಪಡುವ ಮ್ಯಾನೇಜರ್ ಸ್ವಲ್ಪ ಗಾಬರಿಪಡುವುದು ಒಳ್ಳೆಯದು. ಹೆಸರು ಹೇಳಬೇಕಾಗಿಲ್ಲ ಅಂತ ಸರ್ವೆ ಕಳಿಸಿ, ಅದರಲ್ಲೇ ವಿಭಾಗ, ವಯಸ್ಸು, ಸೇರಿ ಎಷ್ಟು ವರ್ಷ ಅಂತ ಕೇಳುವವರೂ ಇದ್ದಾರೆ. ಐದು ಜನರ ವಿಭಾಗದಲ್ಲಿ ಅದು ಹೆಸರು ಬರೆದಂತೆಯೇ!

ಸಂಬಳದ ಗುಟ್ಟಿನ ವಿಷಯ ಈಗ ಕಾನೂನಿನ ಕೈಗೆ ಹೋಗಿದೆ. ಐರೋಪ್ಯ ಒಕ್ಕೂಟದ 2023ರ ನಿರ್ದೇಶನವನ್ನು ಸದಸ್ಯ ದೇಶಗಳು ತಮ್ಮ ಕಾನೂನಿಗೆ ತರಲು 2026ರ ಜೂನ್ 7 ಗಡುವು. ಅದರ ಪ್ರಕಾರ ಕೆಲಸ ಹುಡುಕುವವರಿಗೆ ಸಂಬಳ ಎಷ್ಟರಿಂದ ಎಷ್ಟು ಅಂತ ಮೊದಲೇ ತಿಳಿಸಬೇಕು. ಹಿಂದಿನ ಸಂಬಳ ಎಷ್ಟಿತ್ತು ಅಂತ ಕೇಳುವಂತಿಲ್ಲ. ಕಾನೂನು ಹೇಳಿದ ಮೇಲೆ ತೆರೆದಿಟ್ಟರೆ ನಂಬಿಕೆ ಹುಟ್ಟುತ್ತದಾ ಅನ್ನುವ ಅನುಮಾನ ನನಗಿದೆ. ಆದರೆ ಪಕ್ಕದ ಕುರ್ಚಿಯವರಿಗೆ ಯಾಕೆ ಜಾಸ್ತಿ ಅನ್ನುವುದಕ್ಕೆ ಕಂಪನಿಯ ಬಳಿ ಉತ್ತರವಾದರೂ ಇರಬೇಕಾಗುತ್ತದೆ. ಅದೂ ಒಂದು ಲಾಭವೇ.

ಉದ್ಯೋಗಿಗಳ ಕಡೆ ಏನೂ ತಪ್ಪಿಲ್ಲವೇ? ಇದೆ. ಆಫರ್ ಒಪ್ಪಿಕೊಂಡು ಸೇರುವ ದಿನ ಫೋನ್ ಎತ್ತದವರು, ಒಂದೇ ಹೊತ್ತಿನಲ್ಲಿ ಎರಡು ಕಡೆ ಸಂಬಳ ಎಣಿಸುವವರು, ಹಿಂದಿನ ಅನುಭವವನ್ನು ಕಟ್ಟಿ ಹೇಳುವವರು. ಇಂಥ ಒಬ್ಬರನ್ನು ಕಂಡ ಮೇಲೆ ಉಳಿದ ಐವತ್ತು ಜನರಿಗೂ ಹೊಸ ನಿಯಮ ಬರುತ್ತದೆ. ಒಬ್ಬರ ತಪ್ಪನ್ನು ಒಬ್ಬರ ಬಳಿಯೇ ಮಾತಾಡುವ ಧೈರ್ಯ ಇಲ್ಲದ ಮ್ಯಾನೇಜರ್ ಎಲ್ಲರಿಗೂ ಇಮೇಲ್ ಹಾಕುತ್ತಾರೆ. ಅದರಲ್ಲಿ ಅವರದ್ದೂ ತಪ್ಪಿಲ್ಲ ಅನ್ನಿ. ಎಷ್ಟೋ ಕಡೆ ಮಧ್ಯದ ಮ್ಯಾನೇಜರ್‌ಗೆ ಮೇಲಿನ ನಿರ್ಧಾರ ಗೊತ್ತಾಗುವುದು ಉಳಿದವರಿಗಿಂತ ಹತ್ತು ನಿಮಿಷ ಮೊದಲು. ತನಗೇ ಗೊತ್ತಿಲ್ಲದ್ದನ್ನು ಅವರು ಹೇಗೆ ವಿವರಿಸಬೇಕು?

ಇನ್ನು ಫ್ರೀಮಾಂಟ್ ಕಥೆಯ ಕೊನೆ. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿಯಾಗಿ ಪಾಲುದಾರಿಕೆಯಿಂದ ಹೊರಬಂತು. ಟೊಯೋಟಾ ಒಂಟಿಯಾಗಿ ನಡೆಸಲು ಮುಂದಾಗಲಿಲ್ಲ. 2010ರ ಏಪ್ರಿಲ್ 1ರಂದು ಕೊನೆಯ ಕಾರು ಹೊರಬಂತು. ಸುಮಾರು 4,700 ಜನ ಕೆಲಸ ಕಳೆದುಕೊಂಡರು. 1988ರಲ್ಲಿ ಉಳಿಸಿದ್ದ ಮಾತು ಇಪ್ಪತ್ತೆರಡು ವರ್ಷಕ್ಕೆ ಮುಗಿಯಿತು. ಹಾಗಾದರೆ ನಂಬಿದವರಿಗೆ ಮೋಸವಾಯಿತೇ? ಅಲ್ಲಿ ಕೆಲಸ ಕಳೆದುಕೊಂಡವರು ಹೌದು ಅಂದರೆ ನಾನು ವಾದಿಸಲು ಹೋಗುವುದಿಲ್ಲ. ಆದರೆ ಆ ಒಪ್ಪಂದದ ಸಾಲನ್ನು ಮತ್ತೊಮ್ಮೆ ನೋಡಿ. ‘ಎಂದೆಂದಿಗೂ ತೆಗೆಯುವುದಿಲ್ಲ’ ಅಂತ ಅದು ಹೇಳಿರಲಿಲ್ಲ. ‘ತೆಗೆಯುವ ಮೊದಲು ನಾವು ಇದನ್ನು ಮಾಡುತ್ತೇವೆ’ ಅಂದಿತ್ತು.

ನಿಮ್ಮದೇ ಆಫರ್ ಲೆಟರ್ ತೆಗೆದು ನೋಡಿ. ನೋಟಿಸ್ ಪೀರಿಯಡ್ ಎಷ್ಟು ದಿನ, ಗುಟ್ಟು ಹೊರಹಾಕಿದರೆ ಏನು, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ಎಲ್ಲ ಕರಾರುವಾಕ್ಕಾಗಿ ಇರುತ್ತದೆ. ಪುಟ ತಿರುಗಿಸಿ, ಕಷ್ಟ ಬಂದಾಗ ಕಂಪನಿ ಮೊದಲು ಏನು ಮಾಡುತ್ತದೆ ಅನ್ನುವ ಸಾಲು ಎಲ್ಲಾದರೂ ಇದೆಯಾ ಹುಡುಕಿ.